ಆವಕ, ಜಾವಕ ಮತ್ತು ಮೊದಲ ಪುಲ್ ರಿಕ್ವೆಸ್ಟ್: ಮೆಟಬಾಲಿಕ್ ಮಾಡೆಲಿಂಗ್ ಸಾಫ್ಟ್‌ವೇರ್‌ಗೆ ವಿದ್ಯಾರ್ಥಿಗಳು ಕೈ ಜೋಡಿಸುವುದು ಹೇಗೆ

ನಮ್ಮ ಸೋದರಮಾವ ಕಲಬುರಗಿಯ ಕಪನೂರಿನಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುತ್ತಾರೆ. ಬಯೋಟೆಕ್ನಾಲಜಿ ಓದಲು ಚಿತ್ತಾಪುರ ಕಡೆಯಿಂದ ಬಂದ ನಾನು ಅವರ ಮನೆಯಲ್ಲೇ ಇದ್ದೇನೆ. ರಾತ್ರಿ ರೊಟ್ಟಿ ತಿಂದ ಮೇಲೆ ಅವರು ಖಾತೆ ಪುಸ್ತಕ ಬಿಚ್ಚುತ್ತಾರೆ, ನಾನು ಲ್ಯಾಪ್‌ಟಾಪ್ ಬಿಚ್ಚುತ್ತೇನೆ. ಅವರ ಪುಸ್ತಕದಲ್ಲಿ ಒಂದು ಕಡೆ ಆವಕ, ಇನ್ನೊಂದು ಕಡೆ ಜಾವಕ. ಗಂಜ್ ಮಾರುಕಟ್ಟೆಯಿಂದ ಬಂದ ತೊಗರಿ ಇಷ್ಟು. ಹೊರಗೆ ಹೋದ ಬೇಳೆ ಇಷ್ಟು, ನುಚ್ಚು ಇಷ್ಟು, ಹೊಟ್ಟು ಇಷ್ಟು, ಒಣಗಿ ಹೋದ ತೇವ ಇಷ್ಟು. ಎರಡೂ ಕಡೆ ತಾಳೆ ಆಗುವ ತನಕ ಮಾವ ಮಲಗುವುದಿಲ್ಲ.

ನಾನು ಮಾಡುವುದೂ ಅದೇ ಕೆಲಸ. ಮಿಲ್ಲಿನ ಜಾಗದಲ್ಲಿ ಒಂದು ಬ್ಯಾಕ್ಟೀರಿಯಾ ಇದೆ, ಅಷ್ಟೇ. ಅದರೊಳಗೆ ಸಕ್ಕರೆ ಬರುತ್ತದೆ, ಆಮ್ಲಜನಕ ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ, ನೀರು ಹೋಗುತ್ತದೆ, ಉಳಿದದ್ದು ಅದರ ಮೈ ಆಗುತ್ತದೆ. ಈ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವುದಕ್ಕೆ ಮೆಟಬಾಲಿಕ್ ಮಾಡೆಲಿಂಗ್ ಅನ್ನುತ್ತಾರೆ. ಪಠ್ಯಪುಸ್ತಕದ ಮಾತಿನಲ್ಲಿ ಹೇಳಿದರೆ ಚಯಾಪಚಯದ ಮಾದರಿ. ಇದಕ್ಕೆ ಬೇಕಾದ ಒಳ್ಳೆಯ ಸಾಫ್ಟ್‌ವೇರ್ ಬಹುಪಾಲು ಓಪನ್ ಸೋರ್ಸ್. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಹೀಗೆ ತಿದ್ದಿ, ಸೇರಿಸಿಕೊಳ್ಳಿ ಅಂತ ಕಳಿಸುವ ಕೋರಿಕೆಗೇ ಪುಲ್ ರಿಕ್ವೆಸ್ಟ್ ಅನ್ನುತ್ತಾರೆ. ಹೋದ ವರ್ಷ ನಾನೂ ಒಂದು ಪುಟ್ಟ ತಿದ್ದುಪಡಿ ಕಳಿಸಿದೆ, ಅದು ಸೇರಿತು. ದಾರಿ ಹೇಗಿತ್ತು, ನೀವು ಎಲ್ಲಿಂದ ಶುರು ಮಾಡಬಹುದು ಅಂತ ಬಿಡಿಸಿ ಹೇಳುತ್ತೇನೆ.

ಕಮಾಂಡುಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಬೇಕು ಅಂತ ನಿಮಗೆ ಗೊತ್ತೇ ಇದೆ.

ಮೊದಲು ಲೆಕ್ಕ ಅರ್ಥವಾಗಲಿ

ಕೋಡ್ ಮುಟ್ಟುವ ಮೊದಲು ಒಂದು ವಾರ ಲೆಕ್ಕಕ್ಕೆ ಕೊಡಿ. ಹುಡುಗರು ಇಲ್ಲೇ ಅವಸರ ಮಾಡುತ್ತಾರೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕಲಿತು, ಪೈಥಾನ್ ಭಾಷೆ ಕಲಿತು, ನೇರ ಹೋಗಿ ಇಶ್ಯೂ, ಅಂದರೆ ತಪ್ಪು-ಕೊರತೆಗಳ ದೂರು, ಹುಡುಕುತ್ತಾರೆ. ಆದರೆ ಈ ಸಾಫ್ಟ್‌ವೇರಿನಲ್ಲಿ ತಪ್ಪು ಇದೆಯೋ ಇಲ್ಲವೋ ಅಂತ ಹೇಳುವುದು ಕೋಡ್ ಅಲ್ಲ, ಜೀವಶಾಸ್ತ್ರ. ಪ್ರೋಗ್ರಾಂ ಯಾವ ಎರರ್ ಕೊಡದೆ ಓಡಿ, ಅಸಾಧ್ಯವಾದ ಉತ್ತರ ಕೊಡಬಹುದು. ಅದನ್ನು ನೋಡಿ 'ಇದು ಆಗುವ ಮಾತಲ್ಲ' ಅನ್ನಿಸಬೇಕು. ಬಯೋಟೆಕ್, ಬಯೋಕೆಮಿಸ್ಟ್ರಿ, ಅಗ್ರಿ ಓದುವ ನಮ್ಮಂಥವರಿಗೆ ಇರುವ ಬಲ ಇದೇ.

ಲೆಕ್ಕದ ತಿರುಳು ಸರಳ. ಜೀವಕೋಶದ ಒಳಗಿನ ಪ್ರತಿ ವಸ್ತುವಿಗೂ ಒಂದು ಸಾಲು, ಪ್ರತಿ ರಾಸಾಯನಿಕ ಕ್ರಿಯೆಗೂ ಒಂದು ಕಾಲಂ. ಒಂದು ಕ್ರಿಯೆಯಲ್ಲಿ ಯಾವ ವಸ್ತು ಎಷ್ಟು ಖರ್ಚಾಯಿತು, ಎಷ್ಟು ಹುಟ್ಟಿತು ಅಂತ ಆ ಕೋಷ್ಟಕದಲ್ಲಿ ತುಂಬುತ್ತಾರೆ. ಖರ್ಚಾದದ್ದಕ್ಕೆ ಮೈನಸ್, ಹುಟ್ಟಿದ್ದಕ್ಕೆ ಪ್ಲಸ್. ಆಮೇಲೆ ಒಂದೇ ಷರತ್ತು: ಒಳಗೆ ಯಾವ ವಸ್ತುವೂ ಗುಡ್ಡೆ ಬೀಳಬಾರದು, ಯಾವುದೂ ಬರಿದಾಗಬಾರದು. ಹುಟ್ಟಿದಷ್ಟೇ ಖರ್ಚಾಗಬೇಕು. ಈ ಷರತ್ತಿನೊಳಗೆ ಜೀವಕೋಶ ಹೆಚ್ಚೆಂದರೆ ಎಷ್ಟು ವೇಗವಾಗಿ ಬೆಳೆಯಬಹುದು ಅಂತ ಸಾಲ್ವರ್ ಎಂಬ ಲೆಕ್ಕ ಬಿಡಿಸುವ ಪ್ರೋಗ್ರಾಂ ಹುಡುಕಿ ಕೊಡುತ್ತದೆ. ಇದೇ ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್. ಕ್ರಿಯೆ ನಡೆಯುವ ವೇಗಕ್ಕೆ ಫ್ಲಕ್ಸ್ ಅನ್ನುತ್ತಾರೆ. ಅಳತೆ: ಒಂದು ಗ್ರಾಂ ಒಣ ಕೋಶಕ್ಕೆ, ಒಂದು ಗಂಟೆಗೆ, ಇಷ್ಟು ಮಿಲಿಮೋಲ್.

ಒಂದು ಕ್ರಿಯೆಯನ್ನು ಕೈಯಾರೆ ತಾಳೆ ನೋಡಿ. ಇ. ಕೋಲಿ ಬ್ಯಾಕ್ಟೀರಿಯಾ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವಾಗ ಪಿಇಪಿ ಎಂಬ ವಸ್ತುವನ್ನು ಖರ್ಚು ಮಾಡುತ್ತದೆ. ಸಿಗುವುದು ಗ್ಲೂಕೋಸ್-6-ಫಾಸ್ಫೇಟ್ ಮತ್ತು ಪೈರುವೇಟ್. ಮಾಡೆಲಿನಲ್ಲಿ ಗ್ಲೂಕೋಸ್ ಅಂದರೆ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ಪಿಇಪಿ ಅಂದರೆ 3 ಕಾರ್ಬನ್, 2 ಹೈಡ್ರೋಜನ್, 6 ಆಕ್ಸಿಜನ್, 1 ಫಾಸ್ಫರಸ್, ಚಾರ್ಜ್ ಮೈನಸ್ 3. ಕೂಡಿಸಿದರೆ 9 ಕಾರ್ಬನ್, 14 ಹೈಡ್ರೋಜನ್, 12 ಆಕ್ಸಿಜನ್, 1 ಫಾಸ್ಫರಸ್. ಈಗ ಆಚೆ ಕಡೆ. ಗ್ಲೂಕೋಸ್-6-ಫಾಸ್ಫೇಟಿನಲ್ಲಿ 6 ಕಾರ್ಬನ್, 11 ಹೈಡ್ರೋಜನ್, 9 ಆಕ್ಸಿಜನ್, 1 ಫಾಸ್ಫರಸ್, ಚಾರ್ಜ್ ಮೈನಸ್ 2. ಪೈರುವೇಟಿನಲ್ಲಿ 3 ಕಾರ್ಬನ್, 3 ಹೈಡ್ರೋಜನ್, 3 ಆಕ್ಸಿಜನ್, ಚಾರ್ಜ್ ಮೈನಸ್ 1. ಕೂಡಿಸಿ ನೋಡಿ. ಅಷ್ಟೇ ಬಂತು, ಚಾರ್ಜೂ ಸರಿ. ನಾನು ಇದನ್ನು ಮಾವನ ರಫ್ ವಹಿಯ ಹಿಂದಿನ ಹಾಳೆಯಲ್ಲಿ ಬರೆದು ಕೂಡಿಸಿದ್ದೆ. ತಾಳೆ ಆದಾಗ ಆದ ಖುಷಿ ಈಗಲೂ ನೆನಪಿದೆ. ಇಂಥ ಹತ್ತು ಕ್ರಿಯೆ ಕೈಯಲ್ಲಿ ಮಾಡಿದರೆ ಮುಂದಿನ ದಾರಿ ಅರ್ಧ ಸವೆದ ಹಾಗೆ.

ಯಾವ ಸಾಫ್ಟ್‌ವೇರ್ ಹಿಡಿಯಬೇಕು

ಪೈಥಾನಿನಲ್ಲಿ ಕೋಬ್ರಾಪೈ. ಇದರ ಪ್ರಬಂಧ ಬಂದದ್ದು 2013ರಲ್ಲಿ. ಇದಕ್ಕೆ ಅಣ್ಣನಂತೆ ಕೋಬ್ರಾ ಟೂಲ್‌ಬಾಕ್ಸ್ ಇದೆ, ಆದರೆ ಅದು ಮ್ಯಾಟ್‌ಲ್ಯಾಬ್ ಮೇಲೆ ಓಡುತ್ತದೆ, ಮ್ಯಾಟ್‌ಲ್ಯಾಬ್‌ಗೆ ದುಡ್ಡು ಬೇಕು. ಕೋಬ್ರಾಪೈಗೆ ಏನೂ ಬೇಡ. ಜಿಎಲ್‌ಪಿಕೆ ಎಂಬ ಉಚಿತ ಸಾಲ್ವರ್ ಜೊತೆಗೇ ಬರುತ್ತದೆ. ನನ್ನದು 8 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪ್, ಅದರ ಮೇಲೂ ಆರಾಮಾಗಿ ಓಡುತ್ತದೆ.

ಇನ್ನೂ ಕೆಲವು ಹೆಸರು ಕಿವಿಗೆ ಬೀಳಲಿ. ಮೆಮೋಟೆ ಎಂಬುದು ಮಾಡೆಲಿನ ಆರೋಗ್ಯ ತಪಾಸಣೆ ಮಾಡುತ್ತದೆ, ಯಾವ ಕ್ರಿಯೆ ತಾಳೆ ಆಗಿಲ್ಲ ಅಂತ ಪಟ್ಟಿ ಕೊಡುತ್ತದೆ. ಎಶರ್ ನಕ್ಷೆ ಬಿಡಿಸುತ್ತದೆ. ಬಿಗ್ ಎಂಬ ಭಂಡಾರದಲ್ಲಿ ತಯಾರಾದ ಮಾಡೆಲುಗಳು ಸಿಗುತ್ತವೆ. ಮಾಡೆಲುಗಳನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯಲು ಎಸ್‌ಬಿಎಂಎಲ್ ಎಂಬ ಫೈಲ್ ಬಗೆ ಇದೆ.

ಇನ್‌ಸ್ಟಾಲ್ ಮಾಡುವಾಗ ಒಂದು ಎಚ್ಚರ. ಸಾಫ್ಟ್‌ವೇರಿನ ಹೆಸರು ಕೋಬ್ರಾಪೈ ಆದರೂ, ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ಗೆ ಕೊಡಬೇಕಾದ ಹೆಸರು ಬರೀ ಕೋಬ್ರಾ. ಮೊದಲು ಬೇರೆ ವರ್ಚುವಲ್ ಎನ್‌ವಿರಾನ್‌ಮೆಂಟ್, ಅಂದರೆ ಈ ಕೆಲಸಕ್ಕೆಂದೇ ಪ್ರತ್ಯೇಕ ಜಾಗ, ಮಾಡಿಕೊಂಡು ಅದರೊಳಗೆ ಹಾಕಿ. ಟೆಕ್ಸ್ಟ್‌ಬುಕ್ ಎಂಬ ಪುಟ್ಟ ಇ. ಕೋಲಿ ಮಾಡೆಲ್ ಪ್ಯಾಕೇಜಿನ ಒಳಗೇ ಇರುತ್ತದೆ. ಒಮ್ಮೆ ಇನ್‌ಸ್ಟಾಲ್ ಆದರೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ ಕರೆಂಟ್ ಹೋಗಿ ವೈಫೈ ಸತ್ತಾಗ ನಾನು ಬ್ಯಾಟರಿ ಇರುವಷ್ಟು ಹೊತ್ತು ಇದರ ಜೊತೆಗೇ ಕೂತಿರುತ್ತಿದ್ದೆ.

ಈ ಟೆಕ್ಸ್ಟ್‌ಬುಕ್ ಮಾಡೆಲಿನಲ್ಲಿ 95 ಕ್ರಿಯೆ, 72 ವಸ್ತು, 137 ಜೀನ್. ದೊಡ್ಡದು ಬೇಕೆಂದರೆ 2017ರಲ್ಲಿ ಬಂದ ಐಎಂಎಲ್1515 ಇದೆ, ಅದರಲ್ಲಿ 2712 ಕ್ರಿಯೆ. ಹೆಸರಿನ ಕೊನೆಯ ಅಂಕಿಯೇ ಅದರ ಜೀನುಗಳ ಲೆಕ್ಕ. ಆದರೆ ಶುರುವಿಗೆ ಪುಟ್ಟದೇ ಸಾಕು. ಮೂರು ಆಟ ಆಡಿ.

ಮೊದಲನೆಯದು, ಸುಮ್ನೆ ಆಪ್ಟಿಮೈಜ್ ಮಾಡಿ, ಅಂದರೆ ಹೆಚ್ಚೆಂದರೆ ಎಷ್ಟು ಬೆಳೆಯಬಹುದು ಅಂತ ಕೇಳಿ. ಬೆಳವಣಿಗೆ ಗಂಟೆಗೆ 0.874 ಬರಬೇಕು. ಅಂದರೆ ಸುಮಾರು 48 ನಿಮಿಷಕ್ಕೆ ಬ್ಯಾಕ್ಟೀರಿಯಾ ಎರಡರಷ್ಟಾಗುತ್ತದೆ. ಎರಡನೆಯದು, ಆಮ್ಲಜನಕದ ಬಾಗಿಲು ಮುಚ್ಚಿ. ಬೆಳವಣಿಗೆ 0.212ಕ್ಕೆ ಇಳಿಯುತ್ತದೆ. ಆಗ ಜಾವಕದ ಪಟ್ಟಿ ನೋಡಿ: ಅಸಿಟೇಟ್, ಫಾರ್ಮೇಟ್, ಎಥನಾಲ್ ಹೊರಗೆ ಬರುತ್ತಿರುತ್ತವೆ. ಗಾಳಿ ಇಲ್ಲದಾಗ ಇ. ಕೋಲಿ ನಿಜವಾಗಿಯೂ ಮಾಡುವುದು ಇದನ್ನೇ. ಮೂರನೆಯದು ನನಗೆ ಬಹಳ ಇಷ್ಟ. ಪಿಎಫ್‌ಕೆ ಎಂಬ ಕ್ರಿಯೆಗೆ ಎರಡು ಜೀನ್ ಇವೆ. ಒಂದನ್ನು ಕೆಡಿಸಿ, ಬೆಳವಣಿಗೆ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಎರಡನ್ನೂ ಕೆಡಿಸಿ, 0.704ಕ್ಕೆ ಇಳಿಯುತ್ತದೆ, ಆದರೂ ಬದುಕುತ್ತದೆ. ಒಬ್ಬ ಹಮಾಲ ರಜೆ ಹಾಕಿದರೆ ಇನ್ನೊಬ್ಬ ಚೀಲ ಹೊರುತ್ತಾನೆ. ಇಬ್ಬರೂ ಬರದಿದ್ದರೆ ಮಿಲ್ ನಿಲ್ಲುವುದಿಲ್ಲ, ಸುತ್ತುದಾರಿಯಲ್ಲಿ ನಿಧಾನ ನಡೆಯುತ್ತದೆ.

ಇಂಥ ಬದಲಾವಣೆಗಳನ್ನು ವಿತ್ ಮಾಡೆಲ್ ಎಂಬ ಬ್ಲಾಕಿನ ಒಳಗೆ ಮಾಡಿ. ಬ್ಲಾಕಿನಿಂದ ಹೊರಗೆ ಬಂದ ಕೂಡಲೇ ಮಾಡೆಲ್ ಮೊದಲಿನ ಹಾಗೆ ಆಗುತ್ತದೆ. ಇದು ಗೊತ್ತಿಲ್ಲದೆ ನಾನು ಒಂದು ಇಡೀ ಸಂಜೆ ಆಮ್ಲಜನಕ ಮುಚ್ಚಿದ ಮಾಡೆಲಿನ ಮೇಲೇ ಬೇರೆ ಬೇರೆ ಪ್ರಯೋಗ ಮಾಡಿದ್ದೆ.

ಕೆಲಸ ಸಿಗುವುದು ಎಲ್ಲಿ

ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಇಶ್ಯೂ ಪಟ್ಟಿ ಇರುತ್ತದೆ, ಕೆಲವಕ್ಕೆ 'ಹೊಸಬರಿಗೆ ಒಳ್ಳೆಯದು' ಎಂಬ ಅರ್ಥದ ಚೀಟಿ ಅಂಟಿಸಿರುತ್ತಾರೆ. ಅದನ್ನು ನೋಡಬೇಡಿ ಅನ್ನುವುದಿಲ್ಲ. ಆದರೆ ಅಲ್ಲಿ ನೂಕುನುಗ್ಗಲು ಜಾಸ್ತಿ. ನನ್ನ ಸಲಹೆ ಬೇರೆ: ನಿಮ್ಮದೇ ಕಾಲೇಜು ಪ್ರಾಜೆಕ್ಟಿಗೆ ಆ ಸಾಫ್ಟ್‌ವೇರ್ ಬಳಸಿ. ಎರಡು ತಿಂಗಳು ಬಳಸಿದರೆ ಕಾಲಿಗೆ ತಾಗುವ ಕಲ್ಲು ತಾನೇ ಸಿಗುತ್ತದೆ. ಆ ಕಲ್ಲನ್ನು ನೀವೇ ತೆಗೆಯಿರಿ.

ನನಗೆ ಸಿಕ್ಕದ್ದು ಹೀಗೆ. ನಮ್ಮೂರಿನ ಬೆಳೆ ತೊಗರಿ. ತೊಗರಿಯ ಬೇರಿನಲ್ಲಿ ಗಂಟುಗಳಿರುತ್ತವೆ, ಅವುಗಳೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ಹಾಗೆ ಮಾಡಿಕೊಡುತ್ತವೆ. ಬದಲಿಗೆ ಗಿಡ ಅವುಗಳಿಗೆ ಮ್ಯಾಲೇಟಿನಂಥ ಆಮ್ಲಗಳನ್ನು ಉಣ್ಣಲು ಕೊಡುತ್ತದೆ. ಚಿಕ್ಕವಳಿದ್ದಾಗ ಹೊಲದಲ್ಲಿ ಗಿಡ ಕಿತ್ತು ಆ ಗಂಟನ್ನು ಉಗುರಲ್ಲಿ ಒಡೆದು ನೋಡುತ್ತಿದ್ದೆವು. ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ ಅರ್ಥ. ಪ್ರಾಜೆಕ್ಟಿಗೆ ಆ ಜಾತಿಯ ಬ್ಯಾಕ್ಟೀರಿಯಾದ ಲೆಕ್ಕವನ್ನೇ ತೆಗೆದುಕೊಂಡೆ. ನಮ್ಮ ಮೇಡಂ ಒಂದು ಮಾಡೆಲ್ ಫೈಲ್ ಕೊಟ್ಟರು. ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡನ್ನೂ ಕೋಷ್ಟಕ ಮಾಡಿ ತೋರಿಸುವ ಒಂದು ಸಣ್ಣ ಟೂಲ್ ಸಿಕ್ಕಿತು. ಕೋಬ್ರಾಪೈ ಮೇಲೆ ನಿಂತದ್ದು, ಯಾರೋ ಇಬ್ಬರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವಂಥದ್ದು.

ಕೋಷ್ಟಕದಲ್ಲಿ ಮ್ಯಾಲೇಟ್ ಹೊರಗೆ ಹೋಗುತ್ತಿತ್ತು. ಕಾರ್ಬನ್ ಡೈಆಕ್ಸೈಡೂ ಹೊರಗೇ ಹೋಗುತ್ತಿತ್ತು. ಕಾರ್ಬನ್ ಇರುವ ಯಾವ ವಸ್ತುವೂ ಒಳಗೆ ಬರುತ್ತಿರಲಿಲ್ಲ. ಆದರೂ ಬ್ಯಾಕ್ಟೀರಿಯಾ ಬೆಳೆಯುತ್ತಿತ್ತು. ನಾನು ಸ್ಕ್ರೀನ್ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಮಾವ ಏನಾಯಿತು ಅಂದರು. ಹೇಳಿದೆ. ಅವರಿಗೆ ಮ್ಯಾಲೇಟ್ ಗೊತ್ತಿಲ್ಲ, ಆದರೆ ಕೂಡಲೇ ಕೇಳಿದರು: "ಆವಕನೇ ಇಲ್ಲ, ಜಾವಕ ಎಲ್ಲಿಂದ ಬಂತವ್ವಾ?" ಆಮೇಲೆ ಅವರೇ ಅಂದರು, "ಯಾರೋ ಕಾಲಂ ಅದಲು ಬದಲು ಬರೆದಿರಬೇಕು ನೋಡು."

ಅದೇ ಆಗಿತ್ತು. ಮಾಡೆಲಿನಲ್ಲಿ ಹೊರಗಿನ ಜೊತೆ ಕೊಡು-ಕೊಳ್ಳುವ ಕ್ರಿಯೆಗಳಿಗೆ ಎಕ್ಸ್‌ಚೇಂಜ್ ರಿಯಾಕ್ಷನ್ ಅನ್ನುತ್ತಾರೆ. ವಾಡಿಕೆಯ ಪ್ರಕಾರ ವಸ್ತುವನ್ನು ಎಡಕ್ಕೆ ಬರೆದು ಬಲಕ್ಕೆ ಏನೂ ಬರೆಯುವುದಿಲ್ಲ. ಅಂದರೆ ಮುಂದೆ ಓಡಿದರೆ ವಸ್ತು ಹೊರಗೆ, ಹಿಂದೆ ಓಡಿದರೆ ಒಳಗೆ. ಆದ್ದರಿಂದಲೇ ಒಳಗೆ ಬರುವುದೆಲ್ಲ ಮೈನಸ್. ಟೆಕ್ಸ್ಟ್‌ಬುಕ್ ಮಾಡೆಲಿನಲ್ಲಿ ಗ್ಲೂಕೋಸಿನ ಮಿತಿ ಮೈನಸ್ 10 ಅಂತ ಇರುವುದು ಇದಕ್ಕೇ. ಹೊಸಬರೆಲ್ಲ ಈ ಮೈನಸ್ ನೋಡಿ ಒಮ್ಮೆಯಾದರೂ ಗಲಿಬಿಲಿಯಾಗುತ್ತಾರೆ. ಆದರೆ ಕೆಲವು ಫೈಲುಗಳಲ್ಲಿ ಒಂದೆರಡು ಕ್ರಿಯೆಗಳನ್ನು ಉಲ್ಟಾ ಬರೆದಿರುತ್ತಾರೆ, ವಸ್ತು ಬಲಕ್ಕೆ ಇರುತ್ತದೆ. ಅದು ತಪ್ಪಲ್ಲ. ಲೆಕ್ಕ ಸರಿಯೇ ಬರುತ್ತದೆ. ನಾನು ಬಳಸಿದ ಟೂಲ್ ಮಾತ್ರ ಮೈನಸ್ ಕಂಡರೆ ಒಳಗೆ, ಪ್ಲಸ್ ಕಂಡರೆ ಹೊರಗೆ ಅಂತ ಕಣ್ಣು ಮುಚ್ಚಿ ಬರೆಯುತ್ತಿತ್ತು. ವಸ್ತು ಯಾವ ಕಡೆ ಇದೆ ಅಂತ ನೋಡುತ್ತಿರಲಿಲ್ಲ.

ಇಶ್ಯೂ ಬರೆಯುವುದೇ ಅರ್ಧ ಕೆಲಸ

ನಾನು ಮೊದಲು ಬರೆದ ಇಶ್ಯೂ ಒಂದೇ ಸಾಲು. ನನ್ನ ಮಾಡೆಲಿನಲ್ಲಿ ಕೋಷ್ಟಕ ತಪ್ಪು ಬರುತ್ತಿದೆ, ದಯವಿಟ್ಟು ಸರಿ ಮಾಡಿ ಅಂತ. ಮೂರು ದಿನ ಬಿಟ್ಟು ಉತ್ತರ ಬಂತು. ಮರ್ಯಾದೆಯಿಂದಲೇ ಕೇಳಿದ್ದರು: ಯಾವ ಮಾಡೆಲ್, ಏನು ಓಡಿಸಿದಿರಿ, ಏನು ಬರಬೇಕಿತ್ತು, ಏನು ಬಂತು? ನನ್ನ ಮಾಡೆಲಿನಲ್ಲಿ ಸಾವಿರಕ್ಕೂ ಜಾಸ್ತಿ ಕ್ರಿಯೆ ಇದ್ದವು. ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ನ್ಯಾಯ ಅಲ್ಲ, ಅಲ್ವಾ?

ಎರಡು ಸಂಜೆ ಕೂತು ಅದನ್ನು ಚಿಕ್ಕದು ಮಾಡಿದೆ. ಈ ಚಿಕ್ಕದು ಮಾಡುವ ಕೆಲಸವನ್ನು ದಯವಿಟ್ಟು ಕಲಿಯಿರಿ, ಇದಕ್ಕಿಂತ ಉಪಯೋಗದ ವಿದ್ಯೆ ನನಗೆ ಇದರಲ್ಲಿ ಸಿಕ್ಕಿಲ್ಲ. ಕೊನೆಗೆ ಉಳಿದದ್ದು ಮೂರೇ ಕ್ರಿಯೆ. ಒಂದು, 'ಎ' ಎಂಬ ವಸ್ತು ಹೊರಗಿನಿಂದ ಬರುತ್ತದೆ. ಎರಡು, 'ಎ' ಹೋಗಿ 'ಬಿ' ಆಗುತ್ತದೆ. ಮೂರು, 'ಬಿ' ಹೊರಗೆ ಹೋಗುತ್ತದೆ. ಮೊದಲನೆಯದನ್ನು ಬೇಕೆಂದೇ ಉಲ್ಟಾ ಬರೆದೆ, 'ಎ' ಬಲಕ್ಕೆ. ಮಿತಿ 10 ಕೊಟ್ಟೆ. ಮೂರನೆಯದನ್ನು ಹೆಚ್ಚೆಚ್ಚು ಮಾಡು ಅಂತ ಹೇಳಿದೆ. ಉತ್ತರ ಬೆರಳಲ್ಲಿ ಎಣಿಸಬಹುದು: 10 'ಎ' ಒಳಗೆ, 10 'ಬಿ' ಹೊರಗೆ. ಟೂಲ್ ಕೊಟ್ಟದ್ದು 10 'ಎ' ಹೊರಗೆ, 10 'ಬಿ' ಹೊರಗೆ. ಇದನ್ನು ನೋಡಿದ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

ಇಶ್ಯೂವನ್ನು ಮತ್ತೆ ಬರೆದೆ. ಓಡಿಸಿ ನೋಡಬಹುದಾದ ಹನ್ನೆರಡು ಸಾಲು ಕೋಡ್. ಬರಬೇಕಾದದ್ದು. ಬಂದದ್ದು. ಆಮೇಲೆ ನನ್ನ ಕಂಪ್ಯೂಟರಿನ ವಿವರ. ಕೋಬ್ರಾಪೈನಲ್ಲಿ ಶೋ ವರ್ಷನ್ಸ್ ಎಂಬ ಕಮಾಂಡ್ ಇದೆ, ಪೈಥಾನ್ ಯಾವುದು, ಸಾಲ್ವರ್ ಯಾವುದು ಎಲ್ಲವನ್ನೂ ಒಂದೇ ಏಟಿಗೆ ಬರೆದು ಕೊಡುತ್ತದೆ. ಎರರ್ ಬಂದಿದ್ದರೆ ಅದರ ಪೂರ್ತಿ ಪಠ್ಯ ಹಾಕಿ. ಮೊಬೈಲಿನಲ್ಲಿ ತೆಗೆದ ಸ್ಕ್ರೀನಿನ ಫೋಟೋ ಬೇಡ, ಅದನ್ನು ಯಾರೂ ಕಾಪಿ ಮಾಡಿ ಹುಡುಕಲಾರರು.

ಇಂಗ್ಲಿಷ್ ಬಗ್ಗೆ ಒಂದು ಮಾತು. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಶ್ಯೂ ಬರೆಯಲು ಭಯ ಇತ್ತು. ಆದರೆ ಅಲ್ಲಿ ಬೇಕಾದದ್ದು ಐದೈದು ಶಬ್ದದ ವಾಕ್ಯ. ನಾನು ಇದನ್ನು ಓಡಿಸಿದೆ. ಇದು ಬಂತು. ಇದು ಬರಬೇಕಿತ್ತು. ಅಷ್ಟೇ. ಜರ್ಮನಿಯವರು, ಬ್ರೆಜಿಲ್‌ನವರು, ಜಪಾನಿನವರು ಎಲ್ಲರೂ ಅಲ್ಲಿ ಹಾಗೇ ಬರೆಯುತ್ತಾರೆ.

ಕೊನೆಯ ಸಾಲಿನಲ್ಲಿ, ಇದನ್ನು ನಾನೇ ಸರಿ ಮಾಡಿ ಕಳಿಸಬಹುದೇ ಅಂತ ಕೇಳಿದೆ. ಮರುದಿನವೇ ಹೂಂ ಅಂದರು. ಕೇಳಿ ಶುರು ಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಅದೇ ಕೆಲಸ ಇನ್ನೊಬ್ಬರು ಅರ್ಧ ಮುಗಿಸಿರುತ್ತಾರೆ.

ತಿದ್ದಿ ಕಳಿಸುವುದು

ಗಿಟ್‌ನ ಹೆಜ್ಜೆಗಳು ಎಲ್ಲ ಕಡೆ ಸಿಗುತ್ತವೆ, ಬೇಗ ಹೇಳಿ ಮುಗಿಸುತ್ತೇನೆ. ಪ್ರಾಜೆಕ್ಟನ್ನು ನಿಮ್ಮ ಖಾತೆಗೆ ಫೋರ್ಕ್ (ನಕಲು) ಮಾಡಿ, ಕಂಪ್ಯೂಟರಿಗೆ ಕ್ಲೋನ್ ಮಾಡಿ ಇಳಿಸಿಕೊಳ್ಳಿ, ನಿಮ್ಮ ಬದಲಾವಣೆಗೆ ಹೊಸ ಬ್ರಾಂಚ್ (ಕವಲು) ತೆಗೆಯಿರಿ. ಪಿಪ್‌ಗೆ ಎಡಿಟಬಲ್ ಆಯ್ಕೆ ಕೊಟ್ಟು ಇನ್‌ಸ್ಟಾಲ್ ಮಾಡಿದರೆ ನೀವು ತಿದ್ದಿದ್ದು ಆಗಲೇ ಜಾರಿಗೆ ಬರುತ್ತದೆ. ಏನೂ ಮುಟ್ಟುವ ಮೊದಲೇ ಪೈಟೆಸ್ಟ್ ಒಮ್ಮೆ ಓಡಿಸಿ, ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟುಗಳನ್ನು ಅದು ಓಡಿಸುತ್ತದೆ. ಆಗಲೇ ಯಾವುದಾದರೂ ಟೆಸ್ಟ್ ಬಿದ್ದಿದ್ದರೆ ಅದು ನಿಮ್ಮಿಂದ ಆದದ್ದಲ್ಲ ಅಂತ ಗೊತ್ತಿರುತ್ತದೆ. ಯಾವ ಬ್ರಾಂಚಿಗೆ ಕಳಿಸಬೇಕು ಅಂತಲೂ ನೋಡಿಕೊಳ್ಳಿ. ಕೋಬ್ರಾಪೈನಲ್ಲಿ ಕೆಲಸ ನಡೆಯುವುದು ಡೆವೆಲ್ ಎಂಬ ಬ್ರಾಂಚಿನಲ್ಲಿ. ಮುಂದಿನ ರಿಲೀಸಿನ ಟಿಪ್ಪಣಿ ಫೈಲಿನಲ್ಲಿ ನಿಮ್ಮ ಬದಲಾವಣೆಯ ಬಗ್ಗೆ ಒಂದು ಸಾಲು ಸೇರಿಸಿ ಅಂತಲೂ ಅಲ್ಲಿ ಕೇಳುತ್ತಾರೆ. ಬಹಳಷ್ಟು ಪ್ರಾಜೆಕ್ಟುಗಳಲ್ಲಿ ಕಾಂಟ್ರಿಬ್ಯೂಟಿಂಗ್ ಎಂಬ ಫೈಲ್ ಇರುತ್ತದೆ. ಅದನ್ನು ಪೂರ್ತಿ ಓದಿ. ಪೂರ್ತಿ.

ನನ್ನ ತಿದ್ದುಪಡಿ ನಾಲ್ಕು ಸಾಲು. ಫ್ಲಕ್ಸಿನ ಜೊತೆ ಆ ವಸ್ತುವಿನ ಗುಣಾಂಕದ ಚಿಹ್ನೆಯನ್ನೂ ನೋಡು ಅಂತ ಹೇಳಿದ್ದು, ಅಷ್ಟೇ. ಟೆಸ್ಟ್ ಹನ್ನೊಂದು ಸಾಲು. ಮೇಲೆ ಹೇಳಿದ 'ಎ', 'ಬಿ' ಮಾಡೆಲೇ ಟೆಸ್ಟ್ ಆಯಿತು. ಚೆನ್ನಾಗಿ ಚಿಕ್ಕದು ಮಾಡಿದ ಇಶ್ಯೂ ಇದ್ದರೆ ಟೆಸ್ಟನ್ನು ಮತ್ತೆ ಬೇರೆ ಬರೆಯಬೇಕಿಲ್ಲ.

ಆದರೆ ಕಳಿಸಿದಾಗ ಗಿಟ್‌ಹಬ್ ತೋರಿಸಿದ್ದು 600ಕ್ಕೂ ಜಾಸ್ತಿ ಸಾಲು ಬದಲಾಗಿದೆ ಅಂತ. ನನ್ನ ಎಡಿಟರ್ ಸೇವ್ ಮಾಡುವಾಗ ಇಡೀ ಫೈಲನ್ನು ತನಗೆ ಬೇಕಾದ ಹಾಗೆ ಜೋಡಿಸಿ ಇಟ್ಟಿತ್ತು. ನೋಡುವವರಿಗೆ ನನ್ನ ನಾಲ್ಕು ಸಾಲು ಕಾಣಿಸಲೇ ಇಲ್ಲ. ಅವರು ಬಯ್ಯಲಿಲ್ಲ. ಬೇರೆ ಬದಲಾವಣೆ ತೆಗೆದು ಕಳಿಸಿ ಅಂದರು. ಆ ರಾತ್ರಿ ಬ್ರಾಂಚ್ ಅಳಿಸಿ ಮತ್ತೆ ಮೊದಲಿನಿಂದ ಮಾಡಿದೆ. ಅಂದಿನಿಂದ ಕಮಿಟ್ ಮಾಡುವ (ಬದಲಾವಣೆ ದಾಖಲಿಸುವ) ಮೊದಲು, ಏನೇನು ಬದಲಾಗಿದೆ ಅಂತ ತೋರಿಸುವ ಗಿಟ್ ಡಿಫ್ ಓಡಿಸಿ ಸಾಲು ಸಾಲಾಗಿ ಓದುತ್ತೇನೆ. ನಾನು ಮುಟ್ಟದ ಸಾಲು ಅದರಲ್ಲಿ ಕಂಡರೆ ಅಲ್ಲೇ ನಿಲ್ಲುತ್ತೇನೆ.

ಟೆಸ್ಟ್ ಬರೆಯುವಾಗ ಈ ಕ್ಷೇತ್ರದ್ದೇ ಆದ ಎರಡು ಗುಂಡಿಗಳಿವೆ. ಬೇರೆ ಸಾಫ್ಟ್‌ವೇರಿನಿಂದ ಬಂದವರು ಇದರಲ್ಲಿ ಬೀಳುತ್ತಾರೆ. ಒಂದು, ಸಾಲ್ವರ್ ಕೊಡುವ ಉತ್ತರ 10 ಅಂತ ಇದ್ದರೂ ಕೆಲವೊಮ್ಮೆ 9.9999999 ಅಂತ ಬರುತ್ತದೆ. ಸರಿಸಮ ಇದೆಯಾ ಅಂತ ಕೇಳಬೇಡಿ, ಹತ್ತಿರ ಇದೆಯಾ ಅಂತ ಕೇಳಿ. ಪೈಟೆಸ್ಟಿನಲ್ಲಿ ಅದಕ್ಕೆ ಅಪ್ರಾಕ್ಸ್ ಇದೆ. ಎರಡನೆಯದು ಇನ್ನೂ ಆಳ. ಬೆಳವಣಿಗೆಯ ಉತ್ತರ ಒಂದೇ ಇರುತ್ತದೆ, ಆದರೆ ಅಲ್ಲಿಗೆ ತಲುಪುವ ದಾರಿಗಳು ಹಲವು ಇರಬಹುದು. ಜಗತ್ ಸರ್ಕಲ್‌ನಿಂದ ಗಂಜಿಗೆ ಎರಡು ರಸ್ತೆ ಸಮ ದೂರ ಇದ್ದರೆ ಇಂದು ಒಂದರಲ್ಲಿ ಹೋಗುತ್ತೀರಿ, ನಾಳೆ ಇನ್ನೊಂದರಲ್ಲಿ. ಸಾಲ್ವರ್ ಬದಲಾದರೆ ಒಳಗಿನ ಫ್ಲಕ್ಸುಗಳೂ ಬದಲಾಗಬಹುದು, ಎರಡೂ ಸರಿಯೇ. ಆದ್ದರಿಂದ ದೊಡ್ಡ ಮಾಡೆಲಿನ ಒಳಗಿನ ಒಂದು ಕ್ರಿಯೆಯ ಫ್ಲಕ್ಸ್ ಇಷ್ಟೇ ಇರಬೇಕು ಅಂತ ಟೆಸ್ಟ್ ಬರೆದರೆ ಅದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಪಾಸಾಗಿ ಬೇರೆ ಕಡೆ ಬೀಳುತ್ತದೆ. ಒಟ್ಟು ಉತ್ತರವನ್ನು ಪರೀಕ್ಷಿಸಿ. ಇಲ್ಲದಿದ್ದರೆ ಒಂದೇ ದಾರಿ ಇರುವ ಪುಟ್ಟ ಮಾಡೆಲ್ ಕಟ್ಟಿ. ಒಂದು ಕ್ರಿಯೆ ಎಲ್ಲಿಂದ ಎಲ್ಲಿಯವರೆಗೆ ಓಡಬಹುದು ಅಂತ ತಿಳಿಯಲು ಫ್ಲಕ್ಸ್ ವೇರಿಯಬಿಲಿಟಿ ಅನಾಲಿಸಿಸ್ ಇದೆ, ಅದನ್ನೂ ಕಲಿತಿಡಿ.

ಎಐ ಬರೆದು ಕೊಟ್ಟ ಕೋಡನ್ನು ಓದದೆ ಕಳಿಸಬೇಡಿ. ನೋಡುವವರು ಸಂಬಳಕ್ಕೆ ಕೂತವರಲ್ಲ, ತಮ್ಮ ಸಂಜೆಯನ್ನು ನಮಗೆ ಕೊಡುತ್ತಿರುತ್ತಾರೆ. ಅವರು ಒಂದು ಸಾಲು ತೋರಿಸಿ ಇದು ಏಕೆ ಅಂದರೆ ನಮ್ಮ ಹತ್ತಿರ ಉತ್ತರ ಇರಬೇಕು.

ನನಗೆ ಮೂರು ಪ್ರಶ್ನೆ ಬಂದವು. ಒಂದು ವೇರಿಯಬಲ್ಲಿನ ಹೆಸರು ಸರಿ ಮಾಡಿ ಅಂತ. ಮಾಮೂಲು ದಿಕ್ಕಿನಲ್ಲಿ ಬರೆದ ಕ್ರಿಯೆಗೂ ಒಂದು ಟೆಸ್ಟ್ ಹಾಕಿ ಅಂತ. ಮೂರನೆಯದು ನನ್ನನ್ನು ಯೋಚನೆಗೆ ಹಚ್ಚಿತು: ಹೊರಗಿನ ಜೊತೆ ಕೊಡು-ಕೊಳ್ಳುವ ಗಡಿಯ ಕ್ರಿಯೆಯಲ್ಲಿ ಎರಡು ವಸ್ತು ಇದ್ದರೆ ಏನು ಮಾಡುತ್ತೀರಿ? ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕೋಬ್ರಾಪೈನ ಕೋಡ್ ತೆಗೆದು ಓದಿದೆ. ಒಂದೇ ವಸ್ತು ಇದ್ದರೆ ಮಾತ್ರ ಅದನ್ನು ಗಡಿಯ ಕ್ರಿಯೆ ಅಂತ ಪರಿಗಣಿಸುತ್ತದೆ. ಹಾಗೆ ಉತ್ತರ ಬರೆದೆ, ಕೋಡಿನಲ್ಲೂ ಒಂದು ಸಾಲು ಕಾಮೆಂಟ್ ಹಾಕಿದೆ. ಉತ್ತರಗಳು ನಮ್ಮ ರಾತ್ರಿ ಹೊತ್ತಿಗೆ ಬರುತ್ತಿದ್ದವು, ಅವರ ದೇಶದಲ್ಲಿ ಆಗ ಮಧ್ಯಾಹ್ನ. ಕಾಯುತ್ತಾ ಕೂರಬೇಡಿ, ಬೇರೆ ಕೆಲಸ ನೋಡಿಕೊಳ್ಳಿ. ಎರಡು ವಾರ ಸುದ್ದಿ ಇಲ್ಲದಿದ್ದರೆ ಒಮ್ಮೆ ಮೆತ್ತಗೆ ನೆನಪಿಸಿ. 19ನೇ ದಿನ ನನ್ನದು ಸೇರಿತು.

ಕೋಡ್ ಬರದಿದ್ದರೆ

ನನ್ನ ಜೊತೆ ಓದುವ ಬೀದರ್ ಕಡೆಯ ಗೆಳತಿಗೆ ಪೈಥಾನ್ ಬರುವುದಿಲ್ಲ, ಆದರೆ ಬಯೋಕೆಮಿಸ್ಟ್ರಿ ನೀರು ಕುಡಿದ ಹಾಗೆ. ಅವಳಿಗೂ ಇಲ್ಲಿ ಜಾಗ ಇದೆ. ಮಾಡೆಲುಗಳನ್ನೇ ಗಿಟ್‌ಹಬ್‌ನಲ್ಲಿ ಇಟ್ಟು ತಿದ್ದುತ್ತಾ ಹೋಗುವ ಪ್ರಾಜೆಕ್ಟುಗಳಿವೆ. ಯೀಸ್ಟಿಗೆ ಯೀಸ್ಟ್-ಜೆಮ್, ಮನುಷ್ಯರಿಗೆ ಹ್ಯೂಮನ್-ಜೆಮ್. ಅಲ್ಲಿ ಒಂದು ವಸ್ತುವಿನ ಸೂತ್ರದಲ್ಲಿ ಹೈಡ್ರೋಜನ್ ಒಂದು ಕಡಿಮೆ ಇದೆ, ಈ ಕ್ರಿಯೆಗೆ ಈ ಜೀನ್ ಸರಿಯಲ್ಲ, ಇದಕ್ಕೆ ಈ ಪ್ರಬಂಧ ಆಧಾರ ಅಂತ ತೋರಿಸಿದರೆ ಅದೇ ದೊಡ್ಡ ಕೊಡುಗೆ. ಮೆಮೋಟೆ ಓಡಿಸಿದರೆ ತಾಳೆ ಆಗದ ಕ್ರಿಯೆಗಳ ಪಟ್ಟಿ ಬರುತ್ತದೆ. ನಾನು ಓಡಿಸಿ ಕೊಡುತ್ತೇನೆ, ಅವಳು ಪೆನ್ನು ಹಿಡಿದು ಒಂದೊಂದೇ ಕೂಡಿಸುತ್ತಾಳೆ. ಶನಿವಾರ ಮಧ್ಯಾಹ್ನ ಇಬ್ಬರೂ ಕೂತರೆ ಐದಾರು ಮುಗಿಯುತ್ತವೆ.

ಗೂಗಲ್ ಸಮ್ಮರ್ ಆಫ್ ಕೋಡ್ ಬಗ್ಗೆ

ಜೂನಿಯರ್‌ಗಳು ಮೊದಲು ಕೇಳುವುದೇ ಇದನ್ನು. ಹೊಸಬರು ಓಪನ್ ಸೋರ್ಸ್ ಪ್ರಾಜೆಕ್ಟುಗಳಲ್ಲಿ ಕೆಲಸ ಮಾಡಲು ಗೂಗಲ್ ನಡೆಸುವ ಕಾರ್ಯಕ್ರಮ ಇದು, 2005ರಿಂದ ನಡೆಯುತ್ತಿದೆ. ಆಯ್ಕೆಯಾದವರಿಗೆ ಮಾರ್ಗದರ್ಶಕರು ಸಿಗುತ್ತಾರೆ, ಸ್ಟೈಪೆಂಡೂ ಇದೆ. 18 ವರ್ಷ ತುಂಬಿರಬೇಕು. ನ್ಯಾಷನಲ್ ರಿಸೋರ್ಸ್ ಫಾರ್ ನೆಟ್‌ವರ್ಕ್ ಬಯಾಲಜಿ ಎಂಬ ಸಂಸ್ಥೆಯ ಮೂಲಕ ಸಿಸ್ಟಮ್ಸ್ ಬಯಾಲಜಿಯ ಹಲವು ಪ್ರಾಜೆಕ್ಟುಗಳು ಇದರಲ್ಲಿ ಬಂದಿವೆ. ಆಯಾ ವರ್ಷದ ಪಟ್ಟಿಯಲ್ಲಿ ನಿಮಗೆ ಬೇಕಾದದ್ದು ಇದೆಯಾ ಅಂತ ನೋಡಿಕೊಳ್ಳಿ. ಅರ್ಜಿಯ ಕಾಲ ಸಾಮಾನ್ಯವಾಗಿ ಮಾರ್ಚ್ ಸುಮಾರಿಗೆ ಬರುತ್ತದೆ.

ಮಾರ್ಚಿನಲ್ಲಿ ಎದ್ದು ಪ್ರಪೋಸಲ್ ಬರೆಯುವುದಲ್ಲ. ದೀಪಾವಳಿ ಹೊತ್ತಿಗೆ ಸಾಫ್ಟ್‌ವೇರ್ ಬಳಸಲು ಶುರು ಮಾಡಿ. ಸಂಕ್ರಾಂತಿಗೆ ಒಂದು ಇಶ್ಯೂ, ಒಂದು ಪುಲ್ ರಿಕ್ವೆಸ್ಟ್ ನಿಮ್ಮ ಹೆಸರಲ್ಲಿ ಇರಲಿ. ಆಗ ಪ್ರಪೋಸಲ್ ಓದುವವರಿಗೆ ನಿಮ್ಮ ಪರಿಚಯ ಮೊದಲೇ ಆಗಿರುತ್ತದೆ. ಪ್ರಪೋಸಲಿನಲ್ಲಿ ವಾರವಾರದ ಕೆಲಸ ಬರೆಯುವಾಗ ನಮ್ಮ ಪರೀಕ್ಷೆಯ ವಾರಗಳನ್ನೂ ಮುಚ್ಚಿಡದೆ ಬರೆಯಿರಿ. ಆ ಎರಡು ವಾರ ಕೆಲಸ ಆಗುವುದಿಲ್ಲ ಅಂತ ಮೊದಲೇ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆಯ್ಕೆ ಆಗದಿದ್ದರೂ ನೀವು ತಿದ್ದಿದ ಸಾಲು ಅಲ್ಲೇ ಇರುತ್ತದೆ, ಯಾರೋ ಅದನ್ನು ಬಳಸುತ್ತಿರುತ್ತಾರೆ.

ನಾನು ಈಗ ಹಿಡಿದಿರುವುದು ಅದೇ ಟೂಲಿನ ಇನ್ನೊಂದು ಇಶ್ಯೂ. ಕೋಷ್ಟಕದ ಕೆಳಗೆ ಕಾರ್ಬನ್ನಿನ ಒಟ್ಟು ಮೊತ್ತ ಬರಬೇಕು. ಒಳಗೆ ಬಂದ ಕಾರ್ಬನ್ ಇಷ್ಟು, ಹೊರಗೆ ಹೋದದ್ದು ಇಷ್ಟು, ಮೈಯಲ್ಲಿ ಉಳಿದದ್ದು ಇಷ್ಟು. ಮೊತ್ತ ಎಲ್ಲಿ ಇರಬೇಕು ಅಂತ ಮಾವನನ್ನು ಕೇಳಿದೆ. ಪ್ರತಿ ಹಾಳೆಯ ಕೊನೆಗೆ, ಎರಡೂ ಕಾಲಮ್ಮಿನ ಕೆಳಗೆ, ಒಂದೇ ಗೆರೆಯಲ್ಲಿ ಅಂದರು. ಹಾಗೇ ಬರೆಯುತ್ತಿದ್ದೇನೆ.